ವೇಗಮಿತಿಯೊಳಗಿದ್ದರೂ ಬಾಲ ಮುರಿದೀತು

ಪಡುವಣ ಗಾಳಿ ಬೀಸುವ ಮಳೆಗಾಲದಲ್ಲಿ ದೇವನಹಳ್ಳಿಗೆ ಇಳಿಯುವ ವಿಮಾನಗಳು ಹೆಚ್ಚಾಗಿ ಕೋಲಾರದ ಕಡೆಯಿಂದ ಬರುತ್ತವೆ. ತಿರುಗುವುದು ಬಲು ಸಾವಧಾನವಾಗಿ. 25 ಡಿಗ್ರಿ ವಾಲಿ ಎತ್ತರ ಕಳೆದುಕೊಳ್ಳದೆ ತಿರುಗಿದರೆ ರೆಕ್ಕೆಯ ಮೇಲೆ 1.1 ಜಿ, ಅಂದರೆ ಹತ್ತರಲ್ಲೊಂದು ಪಾಲು ಹೆಚ್ಚಿನ ಹೊರೆ (ವಿಮಾನದ ತೂಕದಷ್ಟೇ ಹೊರೆ 1 ಜಿ). ದೊಡ್ಡ ಪ್ರಯಾಣಿಕ ವಿಮಾನವನ್ನು 2.5 ಜಿ ತನಕ ಸೊಟ್ಟಗಾಗದಂತೆ, ಅದರ ಒಂದೂವರೆ ಪಟ್ಟಿನ ತನಕ ಮುರಿಯದಂತೆ ಕಟ್ಟಿರುತ್ತಾರೆ.

ಈ ಮಿತಿಗೆ ಹೊಂದುವ ವೇಗವೇ ಮ್ಯಾನೂವರಿಂಗ್ ಸ್ಪೀಡ್, ಚಿಕ್ಕದಾಗಿ ವಿಎ. ಅದಕ್ಕಿಂತ ನಿಧಾನವಾಗಿದ್ದರೆ, ಮೂತಿಯನ್ನು ಜಗ್ಗಿ ಎತ್ತಿದರೂ ಹೊರೆ 2.5 ಜಿ ಮುಟ್ಟುವ ಮೊದಲೇ ರೆಕ್ಕೆ ಸ್ಟಾಲ್ ಆಗುತ್ತದೆ, ಅಂದರೆ ಎತ್ತುವ ಬಲ ಕಳೆದುಕೊಳ್ಳುತ್ತದೆ. ನೇರ ಹಾರಾಟದಲ್ಲಿ 150 ನಾಟ್‌ಗೆ (ಒಂದು ನಾಟ್ ಎಂದರೆ ಗಂಟೆಗೆ 1.85 ಕಿ.ಮೀ.) ಸ್ಟಾಲ್ ಆಗುವ ವಿಮಾನ ಎಂದಿಟ್ಟುಕೊಳ್ಳಿ. ಎತ್ತುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಹಾಗಾಗಿ 2.5ರ ವರ್ಗಮೂಲ 1.58ರಿಂದ ಗುಣಿಸಿದರೆ ವಿಎ 237 ನಾಟ್. ಅದೇ ವಿಮಾನ 300 ನಾಟ್‌ನಲ್ಲಿದ್ದರೆ ಸ್ಟಾಲ್ ಆಗುವುದರೊಳಗೆ 4 ಜಿ ಬಂದಿರುತ್ತದೆ, ಮುರಿಯುವ ಮಿತಿ 3.75ನ್ನೂ ದಾಟಿ.

ವಿಮಾನ ಹಗುರವಾದಷ್ಟೂ ವಿಎ ಕೆಳಗಿಳಿಯುತ್ತದೆ. 70 ಟನ್ 45ಕ್ಕೆ ಇಳಿದರೆ ಮೇಲಿನ 237 ನಾಟ್ ಸುಮಾರು 190 ಆಗುತ್ತದೆ. ಇದು ಅನೇಕರಿಗೆ ತಿರುವುಮುರುವು ಅನ್ನಿಸುತ್ತದೆ. ಟೊಮೆಟೊ ಕ್ರೇಟು ತುಂಬಿದ ಟ್ರೇಲರ್ ಗುಂಡಿಯಲ್ಲಿ ಅಷ್ಟಾಗಿ ಅಲುಗದು, ಖಾಲಿಯದು ಎಗರಿ ಬೀಳುತ್ತದೆ, ಇಲ್ಲೂ ಹಾಗೇ, ಹಗುರ ವಿಮಾನ ಕಡಿಮೆ ವೇಗದಲ್ಲೇ 2.5 ಜಿ ಮುಟ್ಟುತ್ತದೆ. ಎಗರಿದಾಗ ಪೆಟ್ಟು ತಿನ್ನುವುದು ಎಂಜಿನ್ ಕಟ್ಟಿದ ಪೈಲಾನ್‌ನಂಥ ಭಾಗ. 2.4 ಟನ್ ಎಂಜಿನ್ 2.5 ಜಿಯಲ್ಲಿ 6 ಟನ್ ತೂಗುತ್ತದೆ.

ನಿಜವಾದ ಅಪಾಯ ಇರುವುದು ರಡ್ಡರ್‌ನಲ್ಲಿ, ಅಂದರೆ ನಿಂತ ಬಾಲದ ಹಿಂಬದಿಯಲ್ಲಿ ಕಾಲಿನ ಪೆಡಲ್‌ನಿಂದ ಎಡಬಲ ತಿರುಗುವ ಹಲಗೆಯಲ್ಲಿ. ವಿಎಗಿಂತ ಕೆಳಗಿದ್ದರೆ ಏನು ಮಾಡಿದರೂ ನಡೆಯುತ್ತದೆ ಎಂಬ ನಂಬಿಕೆ ಪೈಲಟ್‌ಗಳಲ್ಲೇ ಬಹುಕಾಲ ಇತ್ತು. ವಿನ್ಯಾಸದ ಲೆಕ್ಕ ಹಾಗಿರಲಿಲ್ಲ. ಪೆಡಲ್ ಒಂದು ಕಡೆ ಪೂರ್ತಿ ಒತ್ತಬೇಕು, ಮೂತಿ ಪಕ್ಕಕ್ಕೆ ಹೊರಳಿದ ಮೇಲೆ ನಡುವಿಗೆ ತರಬೇಕು, ಅಷ್ಟಕ್ಕೆ ಬಾಲ ತಡೆದರೆ ಸಾಕು. ಮೂತಿ ಇನ್ನೂ ಹೊರಳಿರುವಾಗಲೇ ಎದುರು ಪೆಡಲ್ ಒತ್ತಿದರೆ ಪಕ್ಕದ ಗಾಳಿಯ ಹೊಡೆತ, ರಡ್ಡರ್‌ನ ತಳ್ಳು ಎರಡೂ ಒಂದೇ ದಿಕ್ಕಿಗೆ ಕೂಡಿಕೊಳ್ಳುತ್ತವೆ. 2001ರ ನವೆಂಬರ್ 12ರಂದು ನ್ಯೂಯಾರ್ಕ್‌ನಲ್ಲಿ ಅಮೆರಿಕನ್ ಏರ್‌ಲೈನ್ಸ್ 587, ಒಂದು ಏರ್‌ಬಸ್ ಎ300-600, ಮುಂದೆ ಹೋದ ಬೋಯಿಂಗ್ 747ರ ಸುಳಿಗಾಳಿಗೆ ಸಿಕ್ಕಿತು. ಸಹಪೈಲಟ್ ಎಡಬಲ ಪೆಡಲ್ ತುಳಿಯುತ್ತಲೇ ಹೋದರು. ವೇಗ ವಿಎಗಿಂತ ಕೆಳಗೇ ಇತ್ತು. ಆದರೂ ನಿಂತ ಬಾಲ ಕಿತ್ತುಹೋಗಿ, ನೆಲದ ಮೇಲಿದ್ದ ಐವರು ಸೇರಿ 265 ಮಂದಿ ಸತ್ತರು. ಬಾಲ ಬಲಹೀನವಾಗಿರಲಿಲ್ಲ, ಮುರಿಯುವ ಮಿತಿಯನ್ನೂ ಮೀರಿದ ಹೊರೆ ಅದರ ಮೇಲೆ ಬಿದ್ದಿತ್ತು.

ಎ320ರಂಥ ವಿಮಾನದಲ್ಲಿ ಸ್ಟಿಕ್ ಎಷ್ಟೇ ಎಳೆದರೂ ಕಂಪ್ಯೂಟರ್ 2.5 ಜಿಗೆ, ಫ್ಲಾಪ್ (ನಿಧಾನ ಹಾರಾಟಕ್ಕೆ ರೆಕ್ಕೆಯ ಹಿಂಬದಿಯಿಂದ ಚಾಚುವ ಹಲಗೆ) ಇಳಿಸಿದ್ದರೆ 2 ಜಿಗೆ ನಿಲ್ಲಿಸುತ್ತದೆ. ವೇಗ ಏರಿದಂತೆ ರಡ್ಡರ್ ತಿರುಗುವ ಕೋನವನ್ನೂ ಕಿರಿದಾಗಿಸುತ್ತದೆ. ಎಡಬಲ ತುಳಿತವನ್ನು ಮಾತ್ರ ತಡೆಯದು. ಸುಳಿಗಾಳಿಯಲ್ಲಿ ವಿಮಾನ ವಾಲಿದರೆ ರೆಕ್ಕೆಯ ಐಲೆರಾನ್‌ನಿಂದ (ವಾಲಿಸಲು ಮೇಲೆಕೆಳಗೆ ಆಡುವ ಹಲಗೆ) ಸರಿಪಡಿಸಬೇಕು, ಕಾಲು ಸುಮ್ಮನಿರಬೇಕು.

ನಂದಿಬೆಟ್ಟದ ಮೇಲೆ ಏಪ್ರಿಲ್–ಮೇ ಮೋಡ ಕಟ್ಟಿದಾಗಿನ ಕುಲುಕಾಟಕ್ಕೆ ಬೇರೆಯದೇ ವೇಗವಿದೆ: ಎ320ಗೆ 20,000 ಅಡಿಯ ಕೆಳಗೆ 250 ನಾಟ್. ತೀರಾ ಇಳಿಸಿದರೆ ಒಂದು ಬೀಸಿಗೆ ಸ್ಟಾಲ್, ಏರಿಸಿದರೆ ಹೊರೆ.

ಮಿತಿ ಮೀರಿದ್ದು ಗೊತ್ತಾದರೆ ಪೈಲಟ್ ಲಾಗ್‌ನಲ್ಲಿ ಬರೆಯಬೇಕು. ಎಂಜಿನಿಯರುಗಳು ರೆಕಾರ್ಡರ್‌ನ ಅಂಕಿ ತೆಗೆದು, ಪೈಲಾನ್ ಪಿನ್ನು, ಬಾಲದ ಜೋಡಣೆ, ಸಡಿಲಗೊಂಡ ರಿವೆಟ್ಟು, ಸುಕ್ಕುಗಟ್ಟಿದ ತಗಡು, ಇಂಧನ ಸೋರಿಕೆ ನೋಡುತ್ತಾರೆ. ಅವರು ಸಹಿ ಹಾಕುವ ತನಕ ವಿಮಾನ ನೆಲ ಬಿಡುವಂತಿಲ್ಲ.