ಜರ್ಮನಿಯಲ್ಲಿ ರಾತ್ರಿ ಬ್ರೆಡ್ ತಿಂದರೆ ನಮ್ಮ ಮೈಗೆ ಆಗುತ್ತಾ?

ಪ್ರಶ್ನೆ: ಮಗ ಎಂ.ಎಸ್. ಓದಲು ಜರ್ಮನಿಗೆ ಹೊರಟಿದ್ದಾನೆ. ಅಲ್ಲಿ ರಾತ್ರಿ ಬರೀ ತಣ್ಣಗಿನ ಬ್ರೆಡ್ ತಿನ್ನುತ್ತಾರಂತೆ. ನಮ್ಮ ಮೈಗೆ ಅದು ಆಗುತ್ತಾ? ಅಕ್ಕಿ, ಬೇಳೆ, ತುಪ್ಪ ಎಷ್ಟು ಕಟ್ಟಿ ಕಳಿಸಬೇಕು?
– ಒಬ್ಬ ತಾಯಿ, ವಿದ್ಯಾನಗರ, ದಾವಣಗೆರೆ

ಆಗುತ್ತದಮ್ಮಾ, ಚೆನ್ನಾಗಿಯೇ ಆಗುತ್ತದೆ. ಅಲ್ಲಿ ಚಳಿಗಾಲದ ಸೆಮಿಸ್ಟರ್ ಅಕ್ಟೋಬರಿನಲ್ಲಿ ಶುರು. ಹಾಗಾಗಿ ಶ್ರಾವಣ ಬಂತೆಂದರೆ ಪ್ರತಿ ವರ್ಷ ನನಗೆ ಇದೇ ಪ್ರಶ್ನೆ. ಈ ಸಲ ಪೂರ್ತಿ ಬರೆದುಬಿಡುತ್ತೇನೆ. ದಯವಿಟ್ಟು ಹೊರಟಿರುವ ಬೇರೆ ಮಕ್ಕಳ ಮನೆಯವರಿಗೂ ತೋರಿಸಿ.

ಮೊದಲು ಬ್ಯಾಗಿನ ವಿಷಯ. ತುಪ್ಪ, ಪೇಡಾ, ಖೋವಾ ಕಟ್ಟಲೇಬೇಡಿ. ಹೊರಗಿನ ದೇಶದಿಂದ ಹಾಲಿನ ಪದಾರ್ಥ, ಮಾಂಸ ಎರಡನ್ನೂ ಯುರೋಪಿಯನ್ ಒಕ್ಕೂಟದೊಳಗೆ ಒಯ್ಯುವಂತಿಲ್ಲ. ಸ್ವಂತಕ್ಕೆ ಅಂದರೂ ಬಿಡುವುದಿಲ್ಲ. ಅಕ್ಕಿ, ಮಸೂರ ಬೇಳೆ ಅಲ್ಲಿನ ಮಾಮೂಲಿ ಅಂಗಡಿಯಲ್ಲೇ ಸಿಗುತ್ತವೆ. ತೊಗರಿಬೇಳೆಗೆ ಇಂಡಿಯನ್ ಅಂಗಡಿ ಹುಡುಕಬೇಕು. ಸಾರಿನ ಪುಡಿ, ಶೇಂಗಾ ಚಟ್ನಿಪುಡಿ ಹಾಕಿ. ಸಾಕು.

ಇನ್ನು 'ಬ್ರೆಡ್ ಊಟವೇ ಅಲ್ಲ' ಅನ್ನುವ ಮಾತು. ಎಷ್ಟು ಹೇಳಿದರೂ ಇದು ಹೋಗುವುದಿಲ್ಲ. ನಮ್ಮಲ್ಲಿ ಬ್ರೆಡ್ ಅಂದರೆ ಜ್ವರ ಬಂದಾಗ ಹಾಲಿನಲ್ಲಿ ಅದ್ದಿ ಕೊಡುವ ಮೈದಾ ಬ್ರೆಡ್. ಅದನ್ನು ನೆನೆಸಿಕೊಂಡೇ ಹೊಟ್ಟೆ ತುಂಬಲ್ಲ, ಶಕ್ತಿ ಬರಲ್ಲ ಅನ್ನುತ್ತೇವೆ. ಜರ್ಮನಿಯ ಮನೆಗಳಲ್ಲಿ ರಾತ್ರಿ ಹೆಚ್ಚಾಗಿ ತಿನ್ನುವುದು ಅದಲ್ಲ. ರೈ ಅನ್ನುವ ಧಾನ್ಯವನ್ನು ಗೋಧಿಯ ಜೊತೆಗೋ ಬರೀ ಅದನ್ನೇ ಬಳಸಿಯೋ, ಹಿಟ್ಟು ಹುಳಿ ಬರಿಸಿ ಬೇಯಿಸಿದ ಕಂದು ಬ್ರೆಡ್. ಕೈಯಲ್ಲಿ ಹಿಡಿದರೆ ಭಾರ ಗೊತ್ತಾಗುತ್ತದೆ. ಪುಂಪರ್‌ನಿಕೆಲ್ ಅನ್ನುವ ಕಪ್ಪು ಬ್ರೆಡ್ಡನ್ನು ಕಡಿಮೆಯೆಂದರೂ 16 ಗಂಟೆ ಒಲೆಯಲ್ಲಿಡುತ್ತಾರೆ. ಅವರ ಬ್ರೆಡ್ ಸಂಸ್ಥೆಯ ಪಟ್ಟಿಯಲ್ಲಿ 3,000ಕ್ಕೂ ಜಾಸ್ತಿ ಬಗೆಗಳಿವೆ. ಇಂಥ ಬ್ರೆಡ್ಡಿನ ಎರಡು ಮೂರು ಹೋಳುಗಳ ಮೇಲೆ ಬೆಣ್ಣೆ ಸವರಿ, ಚೀಸ್ ಇಟ್ಟು, ಜೊತೆಗೆ ಸೌತೆಕಾಯಿ, ಟೊಮೆಟೊ ತಿಂದರೆ ಬೆಳಗಿನವರೆಗೆ ಹಸಿವಾಗುವುದಿಲ್ಲ.

ತಣ್ಣಗಿದೆ ಅನ್ನುವುದೂ ಒಂದು ದೂರು. ನಮ್ಮ ಕಡಕ್ ಜೋಳದ ರೊಟ್ಟಿ ಬಿಸಿಯಾಗಿರುತ್ತಾ? ವಾರಗಟ್ಟಲೆ ಡಬ್ಬಿಯಲ್ಲಿಟ್ಟು, ಮೊಸರು, ಚಟ್ನಿಪುಡಿ ಹಚ್ಚಿಕೊಂಡು ತಿನ್ನುತ್ತೇವೆ. ಅದನ್ನು ಯಾರೂ ತಂಗಳು ಅನ್ನುವುದಿಲ್ಲ ಅಲ್ವಾ?

ಹಾಗಾದರೆ ಹೋದ ಹೊಸತರಲ್ಲಿ ಎಷ್ಟೋ ಮಕ್ಕಳು ಫೋನಿನಲ್ಲಿ ಹೊಟ್ಟೆ ಉಬ್ಬರ ಅನ್ನುವುದೇಕೆ? ತಣ್ಣಗಿನದು ತಿಂದಿದ್ದಕ್ಕಲ್ಲ. ಇಡೀ ಕಾಳಿನ ರೈ ಬ್ರೆಡ್ಡಿನಲ್ಲಿ ನಾರು ಜಾಸ್ತಿ. 100 ಗ್ರಾಮಿನಲ್ಲಿ ಸುಮಾರು 6ರಿಂದ 8 ಗ್ರಾಂ. ಬಿಳಿ ಅನ್ನ, ಇಡ್ಲಿಗೆ ಒಗ್ಗಿದ ಕರುಳಿಗೆ ಒಂದೇ ಸಲ ಅಷ್ಟು ನಾರು ಬಿದ್ದರೆ ಗ್ಯಾಸ್ ಆಗುತ್ತದೆ. ಮೊದಲ ವಾರ ದಿನಕ್ಕೆ ಒಂದೇ ತೆಳು ಹೋಳು ತಿನ್ನಲಿ, ನೀರು ಚೆನ್ನಾಗಿ ಕುಡಿಯಲಿ. ಆಮೇಲೆ ನಿಧಾನಕ್ಕೆ ಹೆಚ್ಚಿಸಲಿ. ಹಾಲು ಕುಡಿದರೆ ಹೊಟ್ಟೆ ಕೆಡುವವರಿಗೂ ಚೆನ್ನಾಗಿ ಮಾಗಿಸಿದ ಚೀಸ್, ಮೊಸರು ಸಾಮಾನ್ಯವಾಗಿ ಒಗ್ಗುತ್ತವೆ.

ಬಿಸಿ ಊಟ ಬೇಕೇ ಬೇಕು ಅಂದರೆ ಅದು ಮಧ್ಯಾಹ್ನ, ಯೂನಿವರ್ಸಿಟಿಯ ಮೆನ್ಸಾದಲ್ಲಿ, ಅಂದರೆ ಅಲ್ಲಿನ ಕ್ಯಾಂಟೀನಿನಲ್ಲಿ. ವಿದ್ಯಾರ್ಥಿಗಳಿಗೆ ಕಡಿಮೆ ದರ. ಆದರೆ ನಮ್ಮ ಹಾಗೆ ಎರಡೂವರೆಗೆ ಹೋದರೆ ಎಷ್ಟೋ ಕಡೆ ಬಾಗಿಲು ಹಾಕಿರುತ್ತದೆ. ಹನ್ನೆರಡಕ್ಕೆಲ್ಲ ಉಣ್ಣುವ ರೂಢಿ ಮಾಡಿಕೊಳ್ಳಬೇಕು. ಭಾನುವಾರ ಅಂಗಡಿಗಳೂ ಇರುವುದಿಲ್ಲ, ಶನಿವಾರವೇ ತಂದಿಟ್ಟುಕೊಳ್ಳಲಿ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಿಮ್ಮ ಮನೆಯಲ್ಲಿ ಮಾಂಸ ತಿನ್ನದಿದ್ದರೆ, ಬ್ರೆಡ್ಡಿಗಿಂತ ಇದರ ಬಗ್ಗೆ ಯೋಚಿಸಿ. ಮೆನ್ಸಾದಲ್ಲಿ ಸಸ್ಯಾಹಾರ ಸಿಗುತ್ತದೆ, ತೊಂದರೆಯಿಲ್ಲ. ಕಣ್ಣಿಗೆ ಕಾಣದೆ ಸೇರಿಕೊಂಡಿರುವುದೇ ಕಷ್ಟ. ಜೆಲ್ಲಿ ಮಿಠಾಯಿ, ಕೆಲವು ಸಿಹಿ ತಿನಿಸುಗಳಲ್ಲಿ ಪ್ರಾಣಿಯ ಚರ್ಮ, ಮೂಳೆಯಿಂದ ತೆಗೆದ ಜೆಲಟಿನ್ ಇರುತ್ತದೆ. ಪಾರ್ಮೆಸಾನ್ ಚೀಸ್ ಮಾಡಲು ಹಾಲು ಒಡೆಸುವುದು ಕರುವಿನ ಹೊಟ್ಟೆಯಿಂದ ಬಂದ ರೆನೆಟ್ಟಿನಿಂದ. ಆಲೂಗಡ್ಡೆ ಸಲಾಡಿನಲ್ಲಿ, ಬೇಳೆ ಸೂಪಿನಲ್ಲಿ ಸ್ಪೆಕ್ ಅನ್ನುವ ಹಂದಿಮಾಂಸದ ಚೂರು ಹಾಕುವುದುಂಟು. ಪೊಟ್ಟಣದ ಮೇಲೆ ಹಳದಿ ಬಣ್ಣದ ವಿ-ಲೇಬಲ್ ನೋಡಿ ಕೊಳ್ಳಲಿ. ಬೇಳೆ ಸೂಪು ತಾನೇ ಅಂತ ಸುಮ್ನೆ ಬಟ್ಟಲು ಎತ್ತಿಕೊಳ್ಳುವ ಮೊದಲು, ಸ್ಪೆಕ್ ಇದೆಯಾ ಅಂತ ಕೌಂಟರಿನಲ್ಲಿ ಕೇಳಲಿ.