ಮಂಡಿಯ ರೇಟು, ಮನೆಯ ಬಿಪಿ

ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಹರಾಜನ್ನು ಒಮ್ಮೆಯಾದರೂ ನಿಂತು ನೋಡಬೇಕು. ಸಾಲಾಗಿ ಪೇರಿಸಿಟ್ಟ ಬಾಕ್ಸುಗಳು, ಒಂದೊಂದರಲ್ಲೂ ಸುಮಾರು 15 ಕೆ.ಜಿ. ಹಣ್ಣು. ಹರಾಜು ಕೂಗುವವನು ಒಂದು ಲಾಟಿನಿಂದ ಇನ್ನೊಂದಕ್ಕೆ ದಾಟುತ್ತಾ ಹೋಗುತ್ತಾನೆ, ಅವನ ಹಿಂದೆ ವ್ಯಾಪಾರಿಗಳ ಗುಂಪು. ಒಂದು ಲಾಟಿನ ಹಣೆಬರಹ ತೀರ್ಮಾನವಾಗಲು ಹೆಚ್ಚು ಹೊತ್ತು ಬೇಡ. ಬೆಳೆದವನು ಪಕ್ಕದಲ್ಲೇ ನಿಂತಿರುತ್ತಾನೆ. ತಿಂಗಳುಗಟ್ಟಲೆ ನೀರು, ಗೊಬ್ಬರ, ಔಷಧಿ, ಗೂಟ, ದಾರ, ಕೂಲಿ ಅಂತ ಸುರಿದವನು ಅವನೇ. ಆದರೆ ಆ ಹೊತ್ತಿನಲ್ಲಿ ಅವನ ಕೈಯಲ್ಲಿ ಏನೂ ಇರುವುದಿಲ್ಲ. 2023ರ ಜುಲೈನಲ್ಲಿ ಇದೇ ಮಾರುಕಟ್ಟೆಯಲ್ಲಿ ಬಾಕ್ಸಿನ ರೇಟು 2,000 ರೂಪಾಯಿ ದಾಟಿತ್ತು. ಕೊಯ್ದ ಕೂಲಿಯೂ ಹುಟ್ಟದೆ ಹಣ್ಣನ್ನು ರಸ್ತೆ ಬದಿಗೆ ಸುರಿದು ಹೋದ ವರ್ಷಗಳೂ ಉಂಟು.

ಆ ರೇಟು ಮಂಡಿಯಿಂದ ಮನೆಯೊಳಗೆ ಹೇಗೆ ಬರುತ್ತದೆ ಅನ್ನುವುದು ಇಲ್ಲಿನ ವಿಷಯ. ಸಾಮಾನ್ಯವಾಗಿ ಹೀಗೆ ಬರುತ್ತದೆ:

“ಎಷ್ಟಕ್ಕೋಯ್ತು?”

“ಏನೋ ಒಂದು. ನೀರು ಕೊಡು.”

“ಎಷ್ಟು ಅಂತ ಹೇಳ್ಬಾರ್ದಾ?”

“ಹೇಳಿದ್ರೆ ನೀನೇನು ಜಾಸ್ತಿ ಮಾಡಿಸ್ಕೊಡ್ತೀಯಾ?”

ಅಲ್ಲಿಗೆ ಮಾತು ಮುಗಿಯಿತು. ಮಗಳು ಯಾರೂ ಹೇಳದೆಯೇ ಟಿವಿ ಸೌಂಡು ಕಮ್ಮಿ ಮಾಡುತ್ತಾಳೆ. ಮುದ್ದೆ, ಸೊಪ್ಪಿನ ಸಾರು ತಟ್ಟೆಗೆ ಬರುತ್ತದೆ, ಯಾರೂ ತಲೆ ಎತ್ತುವುದಿಲ್ಲ. ಗಂಡನ ಮುಖ ನೋಡಿಯೇ ಹೆಂಡತಿ ರೇಟು ಅಂದಾಜು ಮಾಡುತ್ತಾಳೆ, ಸಾಮಾನ್ಯವಾಗಿ ನಿಜಕ್ಕಿಂತ ಕೆಟ್ಟದಾಗಿಯೇ. ಅವನ ಲೆಕ್ಕದಲ್ಲಿ ಈ ಮೌನ ಒಂದು ಬಗೆಯ ಪ್ರೀತಿ. ತಲೆನೋವು ನನಗಿರಲಿ, ಅವರಿಗ್ಯಾಕೆ ಅನ್ನುವ ಪ್ರೀತಿ. ಪ್ರೀತಿಯ ಬಗ್ಗೆ ತಕರಾರಿಲ್ಲ. ಲೆಕ್ಕ ಮಾತ್ರ ತಪ್ಪು. ಅದು ಯಾಕೆ ತಪ್ಪು ಅನ್ನುವುದಕ್ಕೆ ಈಗ ಸಾಕಷ್ಟು ಪುರಾವೆ ಇದೆ.

ಮೊದಲು ಅನಿಶ್ಚಿತತೆಯ ವಿಚಾರ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ವಿಜ್ಞಾನಿಗಳು 2016ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. 45 ಜನರನ್ನು ಕಂಪ್ಯೂಟರ್ ಮುಂದೆ ಕೂರಿಸಿ, ಪರದೆಯ ಮೇಲೆ ಕಲ್ಲುಗಳನ್ನು ತೋರಿಸಿದರು. ಕಲ್ಲಿನ ಕೆಳಗೆ ಹಾವು ಇದೆಯೋ ಇಲ್ಲವೋ ಊಹಿಸಬೇಕು. ಹಾವು ಇದ್ದರೆ ಕೈಗೆ ನೋವಾಗುವಷ್ಟು ಕರೆಂಟಿನ ಚುರುಕು. ಚರ್ಮದ ಬೆವರು, ಕಣ್ಣಿನ ಪಾಪೆಯ ಅಗಲ, ಅವರೇ ಹೇಳಿಕೊಂಡ ಒತ್ತಡ, ಎಲ್ಲವನ್ನೂ ಅಳೆದರು. ಶಾಕ್ ಖಂಡಿತ ಹೊಡೆಯುತ್ತದೆ ಎಂದು ಗೊತ್ತಿದ್ದಾಗ ಒತ್ತಡ ಅತಿ ಹೆಚ್ಚಿರಬೇಕಲ್ಲವೇ? ಹಾಗಾಗಲಿಲ್ಲ. ಹೊಡೆಯಬಹುದು, ಹೊಡೆಯದೆಯೂ ಇರಬಹುದು, ಎರಡಕ್ಕೂ ಸಮಪಾಲು ಅನ್ನುವಾಗ ಒತ್ತಡ ತುತ್ತತುದಿ ಮುಟ್ಟಿತು. ಕೆಟ್ಟದ್ದು ನಿಶ್ಚಿತವಾದಾಗ ದೇಹ ಇಳಿದು ಕೂರುತ್ತದೆ. ಏನಾಗುತ್ತದೋ ಗೊತ್ತಿಲ್ಲದಾಗ ಕುದಿಯುತ್ತಲೇ ಇರುತ್ತದೆ.

ಈಗ ಆ ಊಟದ ಮನೆಗೆ ವಾಪಸ್ ಬನ್ನಿ. ಗಂಡನಿಗೆ ಇವತ್ತಿನ ಮಟ್ಟಿಗೆ ಅನಿಶ್ಚಿತತೆ ಮುಗಿದಿದೆ. ಬಾಕ್ಸಿಗೆ ನೂರೋ, ಎಂಬತ್ತೋ, ಗೊತ್ತಾಗಿಹೋಗಿದೆ. ಹೆಂಡತಿಗೂ ಮಕ್ಕಳಿಗೂ ಗೊತ್ತಿಲ್ಲ. ಅವರು ಇನ್ನೂ ಆ ಕಲ್ಲನ್ನೇ ನೋಡುತ್ತಾ ಕೂತಿದ್ದಾರೆ.

ಕುದಿಯುವುದು ಅಂದರೆ ಒಳಗೆ ಏನಾಗುತ್ತದೆ? ಅಪಾಯದ ಸುಳಿವು ಸಿಕ್ಕ ಕ್ಷಣದಲ್ಲೇ ನರಗಳ ಸಂದೇಶದಿಂದ ಅಡ್ರಿನಲಿನ್ ಹೊರಡುತ್ತದೆ, ಎದೆಬಡಿತ ಏರುತ್ತದೆ. ಇದು ಸೆಕೆಂಡುಗಳ ಆಟ. ಎರಡನೆಯದು ನಿಧಾನ: ಮಿದುಳಿನ ಹೈಪೊಥಲಾಮಸ್ ಭಾಗ ಪಿಟ್ಯುಟರಿ ಗ್ರಂಥಿಗೆ ಹೇಳಿ, ಅದು ಮೂತ್ರಪಿಂಡಗಳ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗಳಿಗೆ ಹೇಳಿ, ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ರಕ್ತಕ್ಕೆ ಸೇರುತ್ತದೆ. ಅದರ ಮಟ್ಟ ತುದಿ ಮುಟ್ಟಲು ಸುಮಾರು ಇಪ್ಪತ್ತು ಮೂವತ್ತು ನಿಮಿಷ ಬೇಕು, ಇಳಿಯಲು ಗಂಟೆಯಾದರೂ ಬೇಕು. ಆರೋಗ್ಯವಂತರಲ್ಲಿ ಕಾರ್ಟಿಸಾಲ್ ಬೆಳಿಗ್ಗೆ ಎದ್ದ ಹೊತ್ತಿಗೆ ಹೆಚ್ಚಿದ್ದು ಮಧ್ಯರಾತ್ರಿಯ ಸುಮಾರಿಗೆ ತೀರಾ ಕೆಳಗಿರುತ್ತದೆ. ತೋಟದಲ್ಲಿ ಕರೆಂಟು ಯಾವಾಗ ಬರುತ್ತದೋ ಗೊತ್ತಿಲ್ಲ ಅಂತ ಪಂಪಿನ ಸ್ಟಾರ್ಟರನ್ನು ಆಟೋಮ್ಯಾಟಿಕ್‌ನಲ್ಲಿ (ಆಟೋದಲ್ಲಿ) ಬಿಟ್ಟು ಬರುತ್ತೇವಲ್ಲ, ತಿಂಗಳುಗಟ್ಟಲೆ ರೇಟಿಗೆ, ಮಳೆಗೆ, ಸಾಲ ಕೊಟ್ಟವರ ಫೋನಿಗೆ ಕಾಯುವ ದೇಹವೂ ಹಾಗೇ ಆಟೋದಲ್ಲಿರುತ್ತದೆ. ರಾತ್ರಿ ಇಳಿಯಬೇಕಾದದ್ದು ಇಳಿಯುವುದಿಲ್ಲ. ನಿದ್ದೆ ಕೆಡುತ್ತದೆ, ಬಿಪಿ ಏರುತ್ತದೆ, ಸಕ್ಕರೆ ಕಾಯಿಲೆ ಇದ್ದವರಿಗೆ ಸಕ್ಕರೆಯೂ ಏರುತ್ತದೆ, ಯಾಕೆಂದರೆ ರಕ್ತಕ್ಕೆ ಗ್ಲೂಕೋಸ್ ಒದಗಿಸುವುದು ಕಾರ್ಟಿಸಾಲಿನ ಮುಖ್ಯ ಕೆಲಸಗಳಲ್ಲೊಂದು. ಸಂಜೆ ಎರಡು ಪೆಗ್ ಹಾಕಿದರೆ ನಿದ್ದೆ ಬೇಗ ಬರುವುದು ನಿಜ. ಅದೇ ಎಣ್ಣೆ ರಾತ್ರಿಯ ಎರಡನೇ ಅರ್ಧದ ನಿದ್ದೆಯನ್ನು ಚೂರು ಮಾಡುವುದೂ ಅಷ್ಟೇ ನಿಜ.

ಕುದಿಯುವ ತಲೆ ಲೆಕ್ಕದಲ್ಲೂ ಸೋಲುತ್ತದೆ. ನಮ್ಮ ಪಕ್ಕದ ತಮಿಳುನಾಡಿನಲ್ಲಿ 54 ಹಳ್ಳಿಗಳ 464 ಕಬ್ಬು ಬೆಳೆಗಾರರ ಮೇಲೆ ನಡೆದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಕಟಾವಿಗೆ ಮುಂಚೆ, ಕೈ ಖಾಲಿ ಇದ್ದಾಗ, ತರ್ಕದ ಪರೀಕ್ಷೆಯಲ್ಲಿ ಕಡಿಮೆ ಅಂಕ ತೆಗೆದ ಅದೇ ರೈತರು ಕಟಾವಾಗಿ ದುಡ್ಡು ಬಂದ ಮೇಲೆ ಹೆಚ್ಚು ತೆಗೆದರು. ಅಂಕಿಅಂಶಗಳ ವಿಶ್ಲೇಷಣೆಯ ಬಗ್ಗೆ ಆಮೇಲೆ ವಾದಗಳೂ ನಡೆದವು. ಆದರೂ “ರೈತರಿಗೆ ಪ್ಲಾನಿಂಗ್ ಬರಲ್ಲ” ಎಂದು ಬೋಧಿಸುವವರು ಓದಬೇಕಾದ ಅಧ್ಯಯನ ಅದು. “ಪಾಸಿಟಿವ್ ಆಗಿ ಯೋಚಿಸಿ” ಎಂದು ಭಾಷಣ ಮಾಡುವವರನ್ನಂತೂ ಒಂದು ಬೆಳಿಗ್ಗೆ ಹರಾಜು ಕಟ್ಟೆ ಮೇಲೆ ನಿಲ್ಲಿಸಬೇಕು ಅನ್ನಿಸುತ್ತದೆ, ಅದು ಬೇರೆ ಮಾತು.

ಈಗ ಬಚ್ಚಿಡುವ ವಿಚಾರ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೇಮ್ಸ್ ಗ್ರಾಸ್ ಭಾವನೆಯನ್ನು ಹತ್ತಿಕ್ಕುವುದರ ಪರಿಣಾಮವನ್ನು ದಶಕಗಳಿಂದ ಅಳೆಯುತ್ತಾ ಬಂದವರು. ಮುಖದ ಮೇಲೆ ತೋರಿಸದಿದ್ದರೆ ಒಳಗಿನ ಭಾವನೆ ಕಡಿಮೆಯಾಗುವುದಿಲ್ಲ. ಹತ್ತಿಕ್ಕುವ ಶ್ರಮಕ್ಕೆ ದೇಹದ ಉದ್ವೇಗ ಇನ್ನಷ್ಟು ಏರುತ್ತದೆ. 2003ರಲ್ಲಿ ಎಮಿಲಿ ಬಟ್ಲರ್ ಜೊತೆಗೂಡಿ ಅವರ ತಂಡ ಮಾಡಿದ ಪ್ರಯೋಗ ಇನ್ನೂ ಕುತೂಹಲಕರ. ಪರಿಚಯವಿಲ್ಲದ ಇಬ್ಬಿಬ್ಬರು ಹೆಂಗಸರಿಗೆ ಮನಸ್ಸು ಕಲಕುವ ಯುದ್ಧದ ಚಿತ್ರವೊಂದನ್ನು ತೋರಿಸಿ, ಅದರ ಬಗ್ಗೆ ಮಾತಾಡಿಕೊಳ್ಳಿ ಎಂದರು. ಕೆಲವು ಜೋಡಿಗಳಲ್ಲಿ ಒಬ್ಬಳಿಗೆ ಮಾತ್ರ ಗುಟ್ಟಾಗಿ, ನಿನ್ನ ಭಾವನೆ ತೋರಿಸಬೇಡ ಎಂದು ಹೇಳಿದ್ದರು. ಏನೂ ಗೊತ್ತಿಲ್ಲದೆ ಎದುರು ಕೂತಿದ್ದವಳ ರಕ್ತದೊತ್ತಡವೂ ಏರಿತು. ಪರಿಚಯವೇ ಇಲ್ಲದವರಲ್ಲಿ ಹೀಗಾದರೆ ಇಪ್ಪತ್ತು ವರ್ಷ ಜೊತೆಗೆ ಬಾಳಿದವರ ಮಾತು ಹೇಳುವುದೇ ಬೇಡ.

ಮಕ್ಕಳು ಚಿಕ್ಕವರು, ಅವರಿಗೇನು ಗೊತ್ತಾಗುತ್ತೆ ಅನ್ನುವವರಿಗೆ ಒಂದು ಸಂಗತಿ. ಸಾರಾ ವಾಟರ್ಸ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 12ರಿಂದ 14 ತಿಂಗಳ ಕೂಸುಗಳ ತಾಯಂದಿರನ್ನು ಬೇರೆ ಕೋಣೆಗೆ ಕರೆದೊಯ್ದು, ಸಿಡುಕು ಮುಖದ ಪರೀಕ್ಷಕರ ಮುಂದೆ ಭಾಷಣ ಮಾಡಿಸಿದರು. ವಾಪಸ್ ಬಂದು ಮಗುವನ್ನು ತೊಡೆಗೆ ತೆಗೆದುಕೊಂಡ ಕೆಲವೇ ನಿಮಿಷಗಳಲ್ಲಿ ಕೂಸಿನ ಹೃದಯ ತಾಯಿಯ ಹೃದಯದ ಏರಿಳಿತವನ್ನು ಹಿಂಬಾಲಿಸತೊಡಗಿತು. ವರ್ಷದ ಕೂಸಿಗೆ ಮಂಡಿ, ರೇಟು, ಸಾಲ ಏನೂ ತಿಳಿಯದು. ಅಮ್ಮನ ಮೈ ತಿಳಿಯುತ್ತದೆ.

ಅಂದಮಾತ್ರಕ್ಕೆ ಮನೆಗೆ ಬಂದು ಕೂಗಾಡಿ ಹಗುರಾಗಿ ಅನ್ನುತ್ತಿಲ್ಲ. ಕೋಪವನ್ನು ಹೊರಗೆ ಹಾಕಿದರೆ ಕಮ್ಮಿಯಾಗುತ್ತದೆ ಅನ್ನುವುದು ಹಳೇ ನಂಬಿಕೆ. ಬ್ರಾಡ್ ಬುಷ್‌ಮನ್ 2002ರಲ್ಲಿ ಅದನ್ನು ಪರೀಕ್ಷಿಸಿದರು. ಕೆಣಕಿದವರನ್ನು ನೆನೆಯುತ್ತಾ ಗುದ್ದುಚೀಲಕ್ಕೆ ಗುದ್ದಿದವರ ಕೋಪ, ಸುಮ್ಮನೆ ಕೂತವರಿಗಿಂತ ಹೆಚ್ಚೇ ಇತ್ತು. ಮನೆಯ ಜಗಳಕ್ಕೆ ದೇಹ ತೆರುವ ಬೆಲೆ ಇನ್ನೂ ನೇರ. ಅಮೆರಿಕದ ಒಹಾಯೊದಲ್ಲಿ ಜಾನಿಸ್ ಕೀಕೋಲ್ಟ್-ಗ್ಲೇಸರ್ 42 ದಂಪತಿಗಳ ತೋಳಿನ ಮೇಲೆ ಸಣ್ಣ ಬೊಕ್ಕೆಗಳನ್ನು ಎಬ್ಬಿಸಿ, ಒಂದು ಸಲ ಒಬ್ಬರಿಗೊಬ್ಬರು ಒತ್ತಾಸೆಯಾಗಿ ಮಾತಾಡಲು, ಇನ್ನೊಂದು ಸಲ ಜಗಳದ ವಿಷಯ ಎತ್ತಲು ಹೇಳಿದರು. ಜಗಳದ ಬಾರಿ ಗಾಯ ಮಾಯುವುದು ತಡವಾಯಿತು. ಹಗೆತನದಿಂದ ಮಾತಾಡುವ ಜೋಡಿಗಳಲ್ಲಂತೂ ಗಾಯ ಮಾಯುವ ವೇಗ ಉಳಿದವರ ಶೇ. 60ರಷ್ಟು ಮಾತ್ರ ಇತ್ತು. ಇದು ಪ್ರಕಟವಾದದ್ದು 2005ರಲ್ಲಿ.

ಮುಚ್ಚಿಡುವುದಕ್ಕೂ ಸಿಡಿಯುವುದಕ್ಕೂ ನಡುವೆ ಒಂದು ಸಾದಾ ಕೆಲಸ ಉಳಿಯುತ್ತದೆ: ಹೇಳುವುದು. “ಇವತ್ತು ಎಂಬತ್ತಕ್ಕೆ ಹೋಯ್ತು. ನಂಗೆ ಹೊಟ್ಟೆ ಉರೀತಾ ಇದೆ. ಈಗ್ಲೇ ಮಾತು ಬೇಡ, ಊಟ ಆದ್ಮೇಲೆ ಕೂತ್ಕೊಳ್ಳಣ.” ಈ ಮೂರು ವಾಕ್ಯದಲ್ಲಿ ಮೂರು ಕೆಲಸ ಆಗುತ್ತವೆ. ಎಂಬತ್ತು ಅನ್ನುವ ಅಂಕಿ ಹೆಂಡತಿಯ ಊಹೆಗೆ ಕೊನೆ ಹಾಡುತ್ತದೆ. ಹೊಟ್ಟೆ ಉರಿ ಅನ್ನುವುದು ಭಾವನೆಗೆ ಹೆಸರು ಕೊಡುತ್ತದೆ. ಮ್ಯಾಥ್ಯೂ ಲೀಬರ್‌ಮನ್ ತಂಡ 2007ರಲ್ಲಿ ತೋರಿಸಿದಂತೆ, ಭಾವನೆಯನ್ನು ಪದದಲ್ಲಿ ಗುರುತಿಸಿದಾಗ ಮಿದುಳಿನಲ್ಲಿ ಅಪಾಯಕ್ಕೆ ಎಚ್ಚರಿಸುವ ಅಮಿಗ್ಡಲಾ ಭಾಗದ ಚಟುವಟಿಕೆ ತಗ್ಗುತ್ತದೆ. ಊಟ ಆದ ಮೇಲೆ ಅನ್ನುವುದು ಕಾರ್ಟಿಸಾಲ್ ಇಳಿಯಲು ಸಮಯ ಕೊಡುತ್ತದೆ. ಈ ಮೂರನೆಯದು ನನ್ನ ಸಲಹೆ, ಯಾವ ಪ್ರಯೋಗದ ತೀರ್ಪೂ ಅಲ್ಲ.

ಹೆಂಗಸರೂ ಬಚ್ಚಿಡುತ್ತಾರೆ, ಅದನ್ನು ಮರೆಯಬಾರದು. ಸಂಘದ ಕಂತು, ಮೈಕ್ರೋಫೈನಾನ್ಸಿನ ಕಂತು ಕಟ್ಟುವ ದಿನ ಪಕ್ಕಾ, ದುಡ್ಡು ಬರುವ ದಿನ ಮಾತ್ರ ಪಕ್ಕಾ ಇಲ್ಲ. ಶಿಡ್ಲಘಟ್ಟದ ಕಡೆ ರೇಷ್ಮೆ ಮಾಡುವ ಮನೆಗಳಲ್ಲಿ ಹುಳುವಿಗೆ ನಾಲ್ಕನೇ ಜ್ವರ (ಪೊರೆ ಕಳಚುವ ಹಂತ) ಬಿಟ್ಟ ಮೇಲೆ ಹೆಂಗಸರು ಹಗಲು ರಾತ್ರಿ ಸೊಪ್ಪು ಹಾಕುತ್ತಾರೆ. ಗೂಡಿನ ರೇಟು ಎಷ್ಟಾಯಿತೆಂದು ಅವರಿಗೆ ತಿಳಿಯುವುದು ಕೊನೆಗೆ.

ಮಕ್ಕಳಿಗೆ ಎಷ್ಟು ಹೇಳಬೇಕು? ಸಾಲದ ಪೂರ್ತಿ ಪಟ್ಟಿ ಬೇಡ. “ಈ ಸಲ ರೇಟು ಬರ್ಲಿಲ್ಲ ಕಣಮ್ಮ, ಅದ್ಕೆ ಬೇಜಾರಾಗಿದೀನಿ. ನೀನೇನೂ ತಪ್ಪು ಮಾಡಿಲ್ಲ. ಫೀಸು ಮುಂದಿನ ತಿಂಗಳು ಕಟ್ತೀವಿ.” ಇಷ್ಟು ಸಾಕು. ಅಪ್ಪನ ಸಿಡುಕಿಗೆ ಕಾರಣ ತಾನೇ ಅಂದುಕೊಳ್ಳುವುದು ಮಕ್ಕಳಿಗೆ ಬಹಳ ಸುಲಭ.

ಉಸಿರಾಟದ ಬಗ್ಗೆ ಎಲ್ಲರೂ ಹೇಳುತ್ತಾರೆ, ಅದರಲ್ಲಿ ಸುಳ್ಳೇನಿಲ್ಲ. ಉಸಿರು ಬಿಡುವಾಗ ವೇಗಸ್ ನರದ ಪ್ರಭಾವದಿಂದ ಎದೆಬಡಿತ ನಿಧಾನವಾಗುತ್ತದೆ, ಹಾಗಾಗಿ ಎಳೆದದ್ದಕ್ಕಿಂತ ಉದ್ದವಾಗಿ ಬಿಟ್ಟರೆ ಮೈ ತಣ್ಣಗಾಗುತ್ತದೆ. ಗಾಡಿ ನಿಲ್ಲಿಸಿ ಮನೆ ಒಳಗೆ ಹೋಗುವ ಮುಂಚೆ ಐದು ನಿಮಿಷ ಮಾಡಿದರೆ ಒಳ್ಳೆಯದೇ. ಬಾಕ್ಸಿನ ರೇಟನ್ನು ಮಾತ್ರ ಅದು ಏರಿಸುವುದಿಲ್ಲ.

ನನಗೆ ಹೆಚ್ಚು ಹಿಡಿಸಿದ್ದು ನೋಟ್‌ಬುಕ್ಕಿನ ಉಪಾಯ. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದಲ್ಲಿ 57 ಯುವಜನರನ್ನು ನಿದ್ರಾ ಪ್ರಯೋಗಾಲಯದಲ್ಲಿ ಮಲಗಿಸಿ, ಮಲಗುವ ಮುಂಚೆ ಐದು ನಿಮಿಷ ಬರೆಸಿದರು. ಅರ್ಧ ಜನ ಮುಂದೆ ಮಾಡಬೇಕಾದ ಕೆಲಸಗಳನ್ನು, ಉಳಿದವರು ಮಾಡಿ ಮುಗಿಸಿದ್ದನ್ನು. ಮುಂದಿನ ಕೆಲಸ ಬರೆದವರು ಸುಮಾರು ಒಂಬತ್ತು ನಿಮಿಷ ಬೇಗ ನಿದ್ದೆ ಹೋದರು. ವಿವರವಾಗಿ ಬರೆದಷ್ಟೂ ನಿದ್ದೆ ಬೇಗ. ಅವರೇನು ಸಾಲದಲ್ಲಿದ್ದ ರೈತರಲ್ಲ, ಒಪ್ಪುತ್ತೇನೆ. ಆದರೂ ಮಂಡಿಯ ಬಿಲ್ಲನ್ನು ಅಂಗಿ ಜೇಬಿನಲ್ಲೇ ಮಡಚಿಡದೆ, ಗಂಡ ಹೆಂಡತಿ ಇಬ್ಬರೂ ಕೂತು ನೋಟ್‌ಬುಕ್ಕಿಗೆ ಇಳಿಸಿ ನೋಡಬಹುದು. ಬಾಕ್ಸಿಗೆ ಎಷ್ಟು ಬಂದರೆ ಅಸಲು? ಅದಕ್ಕಿಂತ ಕೆಳಗೆ ಬಿದ್ದರೆ ಮುಂದಿನ ಕೊಯ್ಲು ಮಾಡುವುದೋ, ಗಿಡದಲ್ಲೇ ಬಿಡುವುದೋ? ಔಷಧಿ ಅಂಗಡಿಯವರಿಗೆ ಫೋನ್ ಮಾಡಿ ವಾಯಿದೆ ಕೇಳುವವರು ಯಾರು, ಯಾವತ್ತು? ರೇಟು ನಮ್ಮ ಕೈಯಲ್ಲಿಲ್ಲ. ರೇಟು ಬಿದ್ದರೆ ಏನು ಮಾಡುತ್ತೇವೆ ಅನ್ನುವುದು ಇದೆ, ಅಷ್ಟರಮಟ್ಟಿಗೆ ಅನಿಶ್ಚಿತತೆ ಕಿರಿದಾಗುತ್ತದೆ.

ನೋಟ್‌ಬುಕ್ಕಿನಿಂದ ಆಗದ ಹಂತವೂ ಇದೆ. ಎರಡು ವಾರ ಮೀರಿ ನಿದ್ದೆ, ಊಟ, ಮಾತು ಯಾವುದೂ ಬೇಡವಾದರೆ, “ನಾನಿದ್ದು ಏನು ಪ್ರಯೋಜನ” ಅನ್ನುವ ಮಾತು ಒಂದೇ ಒಂದು ಸಲ ಬಾಯಿಗೆ ಬಂದರೂ, ಅದನ್ನು ಬೇಜಾರು ಅಂತ ತಳ್ಳಿಹಾಕಬಾರದು. ಸಾಯುವ ಯೋಚನೆ ಇದೆಯಾ ಅಂತ ನೇರವಾಗಿ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗಾಗುತ್ತದೆ ಅನ್ನುವ ಭಯಕ್ಕೆ ಆಧಾರವಿಲ್ಲ, ಕೇಳಬೇಕು. ಬೆಳೆಗೆ ಹೊಡೆಯುವ ಔಷಧಿಯನ್ನು ಮನೆಯಲ್ಲಿ ಇಡಬಾರದು, ಬೀಗ ಹಾಕಿ ದೂರ ಇಡಬೇಕು. ಶ್ರೀಲಂಕಾದಲ್ಲಿ 1990ರ ದಶಕದಲ್ಲಿ ಅತಿ ವಿಷಕಾರಿ ಕೀಟನಾಶಕಗಳನ್ನು ನಿಷೇಧಿಸಿದ ಮೇಲೆ ಆತ್ಮಹತ್ಯೆಯ ಪ್ರಮಾಣ ಗಣನೀಯವಾಗಿ ಇಳಿಯಿತು. ಆ ಗಳಿಗೆ ದಾಟಿದರೆ ಬಹಳಷ್ಟು ಜನ ಬದುಕುತ್ತಾರೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮನಸ್ ಸಹಾಯವಾಣಿಯ ನಂಬರು 14416. ದುಡ್ಡು ಕೊಡಬೇಕಿಲ್ಲ, ರಾತ್ರಿ ಎರಡು ಗಂಟೆಗೆ ಮಾಡಿದರೂ ಕನ್ನಡದಲ್ಲಿ ಮಾತಾಡಬಹುದು. ಸ್ವತಃ ಮಾಡಲು ಮನಸ್ಸು ಬಾರದವರ ಪರವಾಗಿ ಮನೆಯವರೂ ಮಾಡಬಹುದು.