ತಮ್ಮನನ್ನು ಕಾಯುವ ಹೊಣೆ ಅಕ್ಕನದೇ?

ಪ್ರಶ್ನೆ: ನನ್ನ ಮಗನಿಗೆ ಒಂದೂವರೆ ವರ್ಷ. ನಡೆಯಲು ಕಲಿತ ದಿನದಿಂದ ಅವನಿಗೆ ನೆಲ ಸಾಲದು. ಸೋಫಾದಿಂದ ಕಿಟಕಿಗೆ, ಕುರ್ಚಿಯಿಂದ ಮೇಜಿಗೆ ಹತ್ತುತ್ತಲೇ ಇರುತ್ತಾನೆ. ಆರು ವರ್ಷದ ಮಗಳಿಗೆ ‘ತಮ್ಮನನ್ನು ಸ್ವಲ್ಪ ನೋಡಿಕೋ’ ಎಂದು ಹೇಳಿ ನಾನು ಮನೆಗೆಲಸ ಮುಗಿಸಿಕೊಳ್ಳುತ್ತಿದ್ದೆ. ಮೊದಲು ಸಂತೋಷದಿಂದ ನೋಡಿಕೊಳ್ಳುತ್ತಿದ್ದ ಅವಳು ಈಗ ಅವನ ಮೇಲೆ ಸಿಡುಕುತ್ತಾಳೆ, ಒಮ್ಮೊಮ್ಮೆ ನೂಕಿಯೂ ಬಿಡುತ್ತಾಳೆ. ಇವನು ಹತ್ತದಂತೆ ತಡೆಯುವುದು ಹೇಗೆ? ಅವಳು ಮೊದಲಿನಂತಾಗಲು ಏನು ಮಾಡಬೇಕು?

ಉತ್ತರ: ನೀವು ಎರಡಾಗಿ ಕೇಳಿದ್ದೀರಿ, ನನಗೆ ಇವು ಒಂದೇ ಗಂಟಿನ ಎರಡು ತುದಿಗಳಾಗಿ ಕಾಣುತ್ತವೆ. ಮಗ ಹತ್ತುವುದನ್ನು ನಿಲ್ಲಿಸಲಾಗುವುದಿಲ್ಲ, ನಿಲ್ಲಿಸಬೇಕಾಗಿಯೂ ಇಲ್ಲ. ಮಗಳ ಸಿಡುಕು ಬಹುಮಟ್ಟಿಗೆ ಹುಟ್ಟುತ್ತಿರುವುದು ಅವನನ್ನು ಕಾಯುವ ಕೆಲಸದಿಂದ. ಆ ಕೆಲಸವನ್ನು ಅವಳಿಂದ ಪೂರ್ತಿಯಾಗಿ ತೆಗೆದು, ಸ್ವಲ್ಪವನ್ನು ಮನೆಯ ಏರ್ಪಾಡಿಗೂ ಉಳಿದದ್ದನ್ನು ದೊಡ್ಡವರಿಗೂ ಹಂಚಿದರೆ, ಅವಳಿಗೆ ಮತ್ತೆ ಅಕ್ಕನಾಗಿರಲು ಬಿಡುವು ಸಿಗುತ್ತದೆ.

ಮೊದಲು ಮಗನ ವಿಚಾರ. ಭಾರತವೂ ಸೇರಿದಂತೆ ಐದು ದೇಶಗಳ ಮಕ್ಕಳನ್ನು ಗಮನಿಸಿ ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆರೋಗ್ಯವಂತ ಮಕ್ಕಳು ಆಸರೆಯಿಲ್ಲದೆ ನಡೆಯಲು ಕಲಿಯುವ ವಯಸ್ಸು ಸುಮಾರು ಎಂಟು ತಿಂಗಳಿನಿಂದ ಹದಿನೇಳೂವರೆ ತಿಂಗಳವರೆಗೆ ಹರಡಿಕೊಂಡಿದೆ. ಆದ್ದರಿಂದ ಒಂದೂವರೆ ವರ್ಷದ ಕೂಸಿಗೆ ನಡಿಗೆ ಎಂಬುದು ಇನ್ನೂ ಹೊಸ ಬಟ್ಟೆ. ನ್ಯೂಯಾರ್ಕಿನ ಸಂಶೋಧಕಿ ಕ್ಯಾರನ್ ಅಡಾಲ್ಫ್ ಮತ್ತು ಸಂಗಡಿಗರು 2012ರಲ್ಲಿ ಈ ವಯಸ್ಸಿನ ಮಕ್ಕಳ ಆಟವನ್ನು ಎಣಿಸಿ ನೋಡಿದಾಗ, ಒಂದು ಗಂಟೆಗೆ ಸರಾಸರಿ 2,368 ಹೆಜ್ಜೆ ಮತ್ತು 17 ಬೀಳುವಿಕೆ ಕಂಡುಬಂದವು. ಬೀಳುವುದು ಅವರ ಕಲಿಕೆಯ ದಿನಚರಿಯೇ ಆಗಿದೆ. ‘ನಿನ್ನೆ ತಾನೇ ಬಿದ್ದು ಅತ್ತಿದ್ದೀಯಲ್ಲ, ಬುದ್ಧಿ ಬರಬೇಡವೇ’ ಎಂದು ನಾವು ಗದರಿದಾಗ ಆ ಮಾತು ಮಗುವಿಗೆ ತಾಗದಿರುವುದು ಇದೇ ಕಾರಣಕ್ಕೆ.

ಅದೇ ಸಂಶೋಧಕಿಯ ಇನ್ನೊಂದು ಕೆಲಸ ನನ್ನ ಮನಸ್ಸಿನಲ್ಲಿ ಬಹಳ ಕಾಲ ಉಳಿದಿದೆ. ಅಂಬೆಗಾಲಿಡುವ ಮಕ್ಕಳು ವಾರಗಟ್ಟಲೆ ಅಭ್ಯಾಸದಿಂದ, ಯಾವ ಇಳಿಜಾರು ತಮ್ಮಿಂದ ಇಳಿಯಲಾಗುವಂಥದು, ಯಾವುದು ಆಗದು ಎಂದು ಅಳೆಯಲು ಕಲಿಯುತ್ತಾರೆ. ಆದರೆ ಅದೇ ಮಕ್ಕಳು ಎದ್ದು ನಡೆಯಲು ತೊಡಗಿದಾಗ, ತಾವು ಹಿಂದೆ ಅಂಜಿ ನಿಂತಿದ್ದ ಇಳಿಜಾರಿಗೇ ನೇರವಾಗಿ ಕಾಲಿಡುತ್ತಾರೆ. ದೇಹದ ಭಂಗಿ ಬದಲಾದಾಗ ಅಂಚಿನ ಎಚ್ಚರವನ್ನು ಮೊದಲಿನಿಂದ ಕಲಿಯಬೇಕು. ನಿಮ್ಮ ಮಗ ಹಟದಿಂದ ಹತ್ತುತ್ತಿದ್ದಾನೆ ಎಂದು ದಯವಿಟ್ಟು ಭಾವಿಸಬೇಡಿ. ಅವನಿಗೆ ‘ಬೇಡ’ ಎಂಬ ಮಾತಿನ ಅರ್ಥ ಗೊತ್ತು, ಆದರೆ ಚಾಚಿದ ಕೈಯನ್ನು ಆ ಮಾತಿನ ಬಲದಿಂದ ಹಿಂದಕ್ಕೆ ತೆಗೆದುಕೊಳ್ಳುವ ಶಕ್ತಿ ಇನ್ನೂ ಕುದುರಿಲ್ಲ.

ಈಗ ಮಗಳ ವಿಚಾರಕ್ಕೆ ಬರುತ್ತೇನೆ; ಇದನ್ನು ಹೇಳಲು ನಮ್ಮ ಮನೆಯದೇ ಒಂದು ಬೆಳಗನ್ನು ಹೇಳಬೇಕಾಗುತ್ತದೆ. ನಮ್ಮಲ್ಲೂ ಇದೇ ಅಂತರದ ಅಕ್ಕ ತಮ್ಮ. ಏಳೂಮುಕ್ಕಾಲರ ಹೊತ್ತು, ಕುಕ್ಕರ್ ಎರಡನೆಯ ವಿಸಿಲ್ ಹಾಕಿತ್ತು, ನಾನು ಅಡುಗೆ ಕಟ್ಟೆಯ ಮುಂದೆ ನಿಂತು ಡಬ್ಬಿಗೆ ಚಿತ್ರಾನ್ನ ತುಂಬುತ್ತಿದ್ದೆ. ಹಾಲ್‌ನಲ್ಲಿ ಚಿಕ್ಕವನು ಕೆಂಪು ಪ್ಲಾಸ್ಟಿಕ್ ಸ್ಟೂಲನ್ನು ಎಳೆದುಕೊಂಡು ಹೋಗುವ ಸದ್ದು ಕೇಳಿಸಿತು. ದೊಡ್ಡವಳು ಅಲ್ಲೇ ಇದ್ದಾಳಲ್ಲ ಎಂದು ಸುಮ್ಮನಾದೆ. ಮರುಕ್ಷಣ ದಡ್ ಎಂದಿತು. ಓಡಿ ಹೋಗಿ ನೋಡಿದರೆ ಅವನ ಕೆಳದುಟಿ ಮೇಜಿನ ಅಂಚಿಗೆ ತಾಗಿ ಒಡೆದಿತ್ತು, ಬನಿಯನ್ನಿನ ಎದೆಯ ಮೇಲೆ ರಕ್ತ ಹನಿಯುತ್ತಿತ್ತು. ಅವನನ್ನು ಎತ್ತಿಕೊಳ್ಳುವ ಮೊದಲೇ ನಾನು ಅವಳತ್ತ ತಿರುಗಿ, “ನೀನು ನೋಡ್ತಾ ಇರ್ಲಿಲ್ವಾ?” ಎಂದು ಕೂಗಿದ್ದೆ. ಒಂದು ಕಾಲಿಗೆ ಶೂ ಹಾಕಿ, ಇನ್ನೊಂದರ ಲೇಸನ್ನು ಕೈಯಲ್ಲಿ ಹಿಡಿದು ಕುಳಿತಿದ್ದ ಅವಳು, “ಅಮ್ಮ, ನಾನು ಶೂ ಹಾಕ್ಕೊಳ್ತಾ ಇದ್ದೆ,” ಎಂದಳು. ಅವಳ ಧ್ವನಿ ನಡುಗುತ್ತಿತ್ತು. ತುಟಿ ನಾಲ್ಕು ದಿನಗಳಲ್ಲಿ ವಾಸಿಯಾಯಿತು. ಅವಳು ಮಾತ್ರ ಆ ಮೇಲೆ ಅವನು ಸ್ಟೂಲಿನ ಹತ್ತಿರ ಹೋದರೂ ಸಾಕು, ತೋಳು ಹಿಡಿದು ಎಳೆದು ಹಾಕತೊಡಗಿದಳು. ನಿಮ್ಮ ಮಗಳು ನೂಕುತ್ತಾಳೆ ಎಂದು ಓದಿದಾಗ ನನಗೆ ಆ ತೋಳೇ ನೆನಪಿಗೆ ಬಂದದ್ದು. ತಮ್ಮ ಬಿದ್ದರೆ ಬೈಗುಳ ತನಗೆ ಎಂದು ಒಮ್ಮೆ ಗೊತ್ತಾದ ಮೇಲೆ, ಅವನ ಪ್ರತಿಯೊಂದು ಸಾಹಸವೂ ಆ ಹುಡುಗಿಗೆ ಭಯವಾಗುತ್ತದೆ, ಭಯ ಸಿಡುಕಾಗಿ ಹೊರಬರುತ್ತದೆ.

ಆರು ವರ್ಷದ ಮಗು ಕಾವಲಿಗೆ ಒದಗುವುದೂ ಇಲ್ಲ. ಆ ವಯಸ್ಸಿನಲ್ಲಿ ಗಮನ ಒಂದು ಕೆಲಸದ ಮೇಲೆ ನೆಟ್ಟರೆ ಉಳಿದದ್ದೆಲ್ಲ ಮರೆಯಾಗುತ್ತದೆ. ಬಣ್ಣ ಹಾಕುತ್ತಿದ್ದಾಗ ಅವಳಿಗೆ ತಮ್ಮ ಕೋಣೆಯಿಂದ ಹೊರಗೆ ಹೋದದ್ದೇ ತಿಳಿಯುವುದಿಲ್ಲ. ನೀರಿನಲ್ಲಿ ಮುಳುಗುವ ಮಗು ಸದ್ದು ಮಾಡುವುದಿಲ್ಲ ಎಂಬುದನ್ನು ಅವಳು ಊಹಿಸಲಾರಳು. ಅವನನ್ನು ಎತ್ತಿ ಇಳಿಸಲು ಹೋದರೆ ಇಬ್ಬರೂ ಬೀಳುತ್ತಾರೆ. ಅಕ್ಕ ಎಂದರೆ ಎರಡನೆಯ ತಾಯಿ ಎಂದು ನಮ್ಮ ಹಿರಿಯರು ಪ್ರೀತಿಯಿಂದಲೇ ಹೇಳುತ್ತಾರೆ, ಆದರೆ ಹಿಂದಿನ ತುಂಬಿದ ಮನೆಗಳಲ್ಲಿ ಆ ಅಕ್ಕನ ಬೆನ್ನಿಗೆ ಅಜ್ಜಿ, ದೊಡ್ಡಮ್ಮ, ಅತ್ತೆ ಎಂದು ನಾಲ್ಕು ಜನರ ಕಣ್ಣು ಇರುತ್ತಿತ್ತು. ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಅವಳು ಒಬ್ಬಳೇ.

ಹಾಗಾದರೆ ಕಾವಲನ್ನು ಮನೆಗೆ ವಹಿಸುವುದು ಹೇಗೆ? ಒಂದು ಬೆಳಗ್ಗೆ ನೀವೇ ಮಂಡಿಯೂರಿ, ಅವನ ಕಣ್ಣಿನ ಎತ್ತರದಲ್ಲಿ ಮನೆಯೆಲ್ಲ ಸುತ್ತಿ ಬನ್ನಿ. ನನ್ನ ಮಟ್ಟಿಗೆ ಮೊದಲು ಹೋಗಬೇಕಾದ ಜಾಗ ಬಚ್ಚಲುಮನೆ. ನೀರು ಎಷ್ಟು ಹೊತ್ತಿಗೆ ಬರುತ್ತದೋ ಎಂದು ಬಕೆಟ್, ಡ್ರಮ್ಮು ತುಂಬಿಸಿಡುವುದು ನಮ್ಮ ಊರುಗಳ ಅಭ್ಯಾಸ. ಈ ವಯಸ್ಸಿನ ಮಗುವಿಗೆ ದೇಹಕ್ಕೆ ಹೋಲಿಸಿದರೆ ತಲೆ ಭಾರ, ಬಗ್ಗಿ ನೋಡುವಾಗ ತಲೆಕೆಳಗಾಗಿ ಬಕೆಟ್ಟಿಗೆ ಬಿದ್ದರೆ ತಾನಾಗಿ ಮೇಲೇಳಲಾರದು, ಮೂಗು ಬಾಯಿ ಮುಳುಗುವಷ್ಟು ನೀರಿದ್ದರೂ ಸಾಕು. ಬಚ್ಚಲ ಬಾಗಿಲಿಗೆ ಹೊರಗಿನಿಂದ ನಿಮ್ಮ ಎದೆಯ ಎತ್ತರದಲ್ಲಿ ಒಂದು ಚಿಲಕ ಹಾಕಿಸಿ. ಅವನು ಒಳಗೆ ಹೋಗಿ ಅಗುಳಿ ಹಾಕಿಕೊಳ್ಳದಂತೆ ಒಳಗಿನ ಚಿಲಕವನ್ನೂ ಮೇಲಕ್ಕೆ ಸರಿಸಿ. ನೀರು ಕಾಯಿಸುವ ರಾಡನ್ನು ಬಕೆಟ್ಟಿನಲ್ಲಿ ಇಳಿಬಿಡುವ ರೂಢಿ ಇದ್ದರೆ, ಈ ಎರಡು ಮೂರು ವರ್ಷ ಅದನ್ನು ಪೂರ್ತಿ ನಿಲ್ಲಿಸಿ ಎಂದೇ ನಾನು ಒತ್ತಿ ಹೇಳುತ್ತೇನೆ. ಅಂಗಳದಲ್ಲಿ ಸಂಪು ಇದ್ದರೆ ಅದರ ಮುಚ್ಚಳಕ್ಕೆ ಬೀಗ ಬೇಕು. ಟ್ಯಾಂಕರ್ ಬಂದು ನೀರು ಬಿಟ್ಟು ಹೋದ ಮೇಲೆ ಮುಚ್ಚಳ ಮತ್ತೆ ಹಾಕಿದೆಯೇ ಎಂದು ಹೋಗಿ ಕೈಯಿಂದ ಮುಟ್ಟಿ ನೋಡಬೇಕು.

ಅಡುಗೆಮನೆಯಲ್ಲಿ ಬಿಸಿ ಸಾರಿನ ಪಾತ್ರೆಯನ್ನು ನೆಲದ ಮೇಲಿಟ್ಟು ಬಡಿಸುವುದನ್ನು ಬಿಡಿ, ಈಳಿಗೆಮಣೆಯನ್ನು ಕೆಲಸ ಮುಗಿದ ಕೂಡಲೇ ಮೇಲಿನ ಗೂಡಿಗೆ ಸೇರಿಸಿ. ಅಕಸ್ಮಾತ್ ಸುಟ್ಟರೆ ಟೂತ್‌ಪೇಸ್ಟ್, ಅರಿಶಿನ ಯಾವುದನ್ನೂ ಹಚ್ಚದೆ, ಹರಿಯುವ ನಲ್ಲಿ ನೀರಿನ ಕೆಳಗೆ ಇಪ್ಪತ್ತು ನಿಮಿಷ ಹಿಡಿದು ವೈದ್ಯರ ಬಳಿಗೆ ಕರೆದೊಯ್ಯಿರಿ. ಸೀಮೆಎಣ್ಣೆ, ಫಿನಾಯಿಲ್ ಇವು ನೀರಿನ ಬಾಟಲಿಯಲ್ಲಿ ಇರಲೇಬಾರದು. ಕುಡಿದುಬಿಟ್ಟರೆ ವಾಂತಿ ಮಾಡಿಸಲು ಹೋಗದೆ ನೇರವಾಗಿ ಆಸ್ಪತ್ರೆಗೆ ಹೋಗಬೇಕು. ಬಾಲ್ಕನಿಯ ಕಂಬಿಗಳ ನಡುವೆ ನಾಲ್ಕು ಇಂಚಿಗಿಂತ ಹೆಚ್ಚು ಸಂದಿದ್ದರೆ ಜಾಲರಿ ಕಟ್ಟಿಸಿ. ಅಡ್ಡ ಕಂಬಿಗಳಿದ್ದರಂತೂ ಅವನಿಗೆ ಅದು ಏಣಿ. ಅದರ ಪಕ್ಕದ ಹೂಕುಂಡ, ಮೋಡಾಗಳನ್ನು ಒಳಗೆ ತನ್ನಿ. ಪುಸ್ತಕದ ಕಪಾಟು, ಬೀರು, ಟೀವಿ ಇವುಗಳನ್ನು ಗೋಡೆಗೆ ಬಿಗಿಸಿ, ಏಕೆಂದರೆ ಹತ್ತುವ ಮಗು ಡ್ರಾಯರ್‌ಗಳನ್ನು ಹೊರಗೆಳೆದು ಮೆಟ್ಟಿಲು ಮಾಡಿಕೊಳ್ಳುತ್ತದೆ. ನಮ್ಮ ಮನೆಯ ಆ ಕೆಂಪು ಸ್ಟೂಲು ಈಗ ಮಂಚದ ಕೆಳಗಿದೆ.

ಇಷ್ಟು ಮಾಡಿದ ಮೇಲೆ ಅವನಿಗೆ ಹತ್ತಲು ಜಾಗ ಕೊಡಬೇಕು, ಇಲ್ಲದಿದ್ದರೆ ಅವನೇ ಒಂದನ್ನು ಹುಡುಕಿಕೊಳ್ಳುತ್ತಾನೆ. ಹಾಸಿಗೆಯನ್ನು ನೆಲಕ್ಕೆ ಇಳಿಸಿ, ದಿಂಬುಗಳನ್ನು ಗುಡ್ಡದಂತೆ ಒಟ್ಟಿ ಕೊಡಿ. ಸಂಜೆ ಅರ್ಧ ಗಂಟೆ ಪಾರ್ಕಿನ ಜಾರುಬಂಡೆಯೋ ಅಪಾರ್ಟ್‌ಮೆಂಟಿನ ಮೆಟ್ಟಿಲೋ ಆಗಲಿ, ನೀವು ಒಂದು ಕೈಯಳತೆ ಹಿಂದೆ ನಿಂತರೆ ಸಾಕು. ಮಕ್ಕಳು ಹತ್ತಲು ಬೇಗ ಕಲಿಯುತ್ತಾರೆ, ಇಳಿಯಲು ತಡವಾಗುತ್ತದೆ; ಮೇಲೆ ಸಿಕ್ಕಿಕೊಂಡು ಅಳುವುದು, ಮುಂದಕ್ಕೆ ಧುಮುಕುವುದು ಅದಕ್ಕೇ. ಪ್ರತಿ ಸಲವೂ ಎತ್ತಿ ಇಳಿಸುವ ಬದಲು ಅವನನ್ನು ಹೊಟ್ಟೆ ಕೆಳಗಾಗಿ ಮಲಗಿಸಿ ತಿರುಗಿಸಿ, “ಕಾಲು ಮೊದಲು, ಕಾಲು ಮೊದಲು” ಎನ್ನುತ್ತ ಅಂಗಾಲು ನೆಲಕ್ಕೆ ತಾಗುವವರೆಗೆ ಜಾರಿಸಿ. ನಮ್ಮವನು ಎರಡು ವಾರಗಳಲ್ಲಿ ಮಂಚದ ಅಂಚಿಗೆ ಬಂದು ತಾನೇ ಬೆನ್ನು ತಿರುಗಿಸಲು ಕಲಿತ. ಇಷ್ಟಾದರೂ ಬೀಳುತ್ತಾನೆ, ತಲೆಗೆ ಪೆಟ್ಟು ಬಿದ್ದ ಮೇಲೆ ಪ್ರಜ್ಞೆ ತಪ್ಪಿದರೆ, ಮತ್ತೆ ಮತ್ತೆ ವಾಂತಿಯಾದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದಷ್ಟು ಮಂಪರಿದ್ದರೆ, ಕಿವಿ ಮೂಗಿನಿಂದ ನೀರು ಅಥವಾ ರಕ್ತ ಬಂದರೆ ಕಾಯದೆ 108ಕ್ಕೆ ಕರೆ ಮಾಡಿ.

ಮಗಳಿಗೆ ಬೇಕಾದದ್ದು ಮೊದಲನೆಯದಾಗಿ ತಮ್ಮನ ಕೈಗೆ ಎಟುಕದ ಒಂದು ಜಾಗ. ಮಗು ದಾಟದಂತೆ ಬಾಗಿಲಿಗೆ ಹಾಕುವ ಅಡ್ಡಗೇಟು ಕೊಂಡರೆ ಅದರೊಳಗೆ ಅವನನ್ನು ಕೂಡಿಹಾಕುವ ಬದಲು, ಅದರಾಚೆ ಅವಳನ್ನು ಕೂರಿಸಿ ನೋಡಿ: ಅವಳ ಪುಸ್ತಕ, ಬಣ್ಣದ ಡಬ್ಬಿ, ಅರ್ಧ ಕಟ್ಟಿದ ಮನೆ ಎಲ್ಲ ಅಲ್ಲಿ ಸುರಕ್ಷಿತ. ಇದು ಅವನಿಗೂ ಒಳ್ಳೆಯದು. ಮಣಿಸರದ ಮಣಿ, ನಾಣ್ಯ, ಇಡೀ ಕಡಲೆಬೀಜ ಶ್ವಾಸಕ್ಕೆ ಅಡ್ಡವಾಗುತ್ತವೆ. ಆಟಿಕೆಗಳಲ್ಲಿರುವ ಬಟನ್ ಸೆಲ್, ಅಂದರೆ ಗುಂಡಿಯಾಕಾರದ ಪುಟ್ಟ ಬ್ಯಾಟರಿ, ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಗಳೊಳಗೆ ಸುಡಬಲ್ಲದು. ಚೆನ್ನೆಮಣೆ ಆಟಕ್ಕೆಂದು ಯಾರಾದರೂ ಗುಲಗಂಜಿ ಕೊಟ್ಟಿದ್ದರೆ ಅದನ್ನು ಮನೆಯಿಂದಲೇ ಹೊರಗೆ ಹಾಕಿ, ಅಗಿದರೆ ಪ್ರಾಣಕ್ಕೆ ಅಪಾಯ.

ಎರಡನೆಯದು, ದಿನಕ್ಕೆ ಹದಿನೈದು ನಿಮಿಷವಾದರೂ ಅವಳೊಬ್ಬಳ ಹೊತ್ತು. ಜಡೆ ಹಾಕುವಾಗ, ಚಿಕ್ಕವನು ಮಲಗಿದ ಮೇಲೆ, ಅಂಗಡಿಗೆ ಹೋಗುವಾಗ, ಎಂದಾದರೂ ಸರಿ. ಆ ಹೊತ್ತಿನಲ್ಲಿ ತಮ್ಮನ ಸುದ್ದಿ ಬೇಡ. ‘ನೀನು ದೊಡ್ಡವಳಲ್ಲವೇ, ಬಿಟ್ಟುಕೊಡು’ ಎಂಬ ಮಾತನ್ನು ಕೆಲವು ತಿಂಗಳು ಪೂರ್ತಿ ಬಿಟ್ಟುಬಿಡಿ. ಅದಕ್ಕೆ ಬದಲಾಗಿ ತಮ್ಮನ ಮನಸ್ಸನ್ನು ಅವಳಿಗೆ ಮಾತಿನಲ್ಲಿ ತೆರೆದು ತೋರಿಸಿ: “ನಿನ್ನ ಬಣ್ಣ ಮುಟ್ಬೇಕು ಅಂತ ಅವನಿಗೆ ಎಷ್ಟು ಆಸೆ ನೋಡು, ಏನು ಕೊಟ್ರೆ ಸುಮ್ಮನಾಗ್ತಾನೆ ಅಂತೀಯಾ?” ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಸಂಶೋಧಕಿಯರಾದ ಜೂಡಿ ಡನ್ ಮತ್ತು ಕ್ಯಾರಲ್ ಕೆಂಡ್ರಿಕ್ 40 ಕುಟುಂಬಗಳನ್ನು ಎರಡನೆಯ ಮಗು ಹುಟ್ಟುವ ಮೊದಲಿನಿಂದ ನೋಡುತ್ತ ಬಂದರು. ಕೂಸಿಗೆ ಏನು ಬೇಕಾಗಿದೆ, ಏನನ್ನಿಸುತ್ತಿದೆ ಎಂದು ಮೊದಲ ಮಗುವಿನೊಡನೆ ಮಾತನಾಡುತ್ತಿದ್ದ ತಾಯಂದಿರ ಮನೆಗಳಲ್ಲಿ ಮಕ್ಕಳ ನಡುವೆ ಸ್ನೇಹ ಹೆಚ್ಚಿತ್ತು. ಅಲ್ಲಿನ ಮೊದಲ ಮಕ್ಕಳು ನಿಮ್ಮ ಮಗಳಿಗಿಂತ ಚಿಕ್ಕವರು. ಆರು ವರ್ಷದವಳಿಗೆ ಈ ಮಾತು ಇನ್ನೂ ಚೆನ್ನಾಗಿ ಹಿಡಿಸುತ್ತದೆ ಎಂಬುದು ನನ್ನ ಅನುಭವ. ನೂಕಿದಾಗ ಸುಮ್ಮನಿರಬೇಡಿ, ಬೈಯಲೂಬೇಡಿ. ಇಬ್ಬರ ನಡುವೆ ಹೋಗಿ ಕುಳಿತು, ನೂಕುವಂತಿಲ್ಲ ಎಂದು ಮೆಲ್ಲಗೆ ಹೇಳಿ, ಅವಳ ಸಿಟ್ಟಿನ ಕಾರಣವನ್ನು ಕೇಳಿ.

ದೊಡ್ಡವರ ಪಾಳಿಯನ್ನು ಬಾಯಿಬಿಟ್ಟು ಹೇಳುವ ಅಭ್ಯಾಸವೂ ಬೇಕು. “ನಾನು ಸ್ನಾನಕ್ಕೆ ಹೋಗ್ತೀನಿ, ಈಗ ಪಾಪು ನಿಮ್ಮ ಕೈಯಲ್ಲಿ” ಎಂದು ಅವರ ಅಪ್ಪನಿಗೋ ಅಜ್ಜಿಗೋ ಹೇಳಿ, ಅವರು ‘ಹೂಂ’ ಎಂದ ಮೇಲೆಯೇ ಹೋಗಿ. ಹಬ್ಬ, ನಾಮಕರಣ, ಮದುವೆ ಮನೆಗಳಲ್ಲಿ ಇದು ಇನ್ನೂ ಮುಖ್ಯ. ಇಪ್ಪತ್ತು ಜನರಿರುವ ಮನೆಯಲ್ಲಿ ಬೇರೆ ಯಾರೋ ನೋಡುತ್ತಿದ್ದಾರೆ ಎಂದು ಇಪ್ಪತ್ತೂ ಜನ ತಿಳಿದಿರುತ್ತಾರೆ. ನೀವು ಒಬ್ಬರೇ ಇದ್ದು ಒಲೆ ಉರಿಯುತ್ತಿದ್ದರೆ, ಅವನನ್ನು ಅಡುಗೆಮನೆಯ ಬಾಗಿಲ ಹೊಸ್ತಿಲಾಚೆ, ನಿಮ್ಮ ಕಣ್ಣಿಗೆ ಬೀಳುವಂತೆ, ಎತ್ತರದ ಬೆಲ್ಟ್ ಕುರ್ಚಿಯಲ್ಲಿ ಕೂರಿಸಿ ಅವಲಕ್ಕಿಯನ್ನೋ ಸೌಟು ಲೋಟಗಳನ್ನೋ ಕೊಡಿ.

ಮಗಳಿಗೆ ಒಂದೇ ಒಂದು ಕೆಲಸ ಉಳಿಸಬಹುದು: ಕಂಡರೆ ಕೂಗುವುದು. ಹಿಡಿಯುವುದು, ಎತ್ತುವುದು, ಎಳೆಯುವುದು ಅವಳದಲ್ಲ. ಕಾಣದೆ ಹೋದರೆ ತಪ್ಪೂ ಅವಳದಲ್ಲ ಎಂದು ಅವಳ ಮುಖ ನೋಡಿ ಹೇಳಿ. ನಮ್ಮವಳಿಗೆ ನಾನು ಹೀಗೆ ಹೇಳಿದ್ದು ತುಟಿ ಒಡೆದ ವಾರದ ಭಾನುವಾರ, ಆ ದಿನ ಕೂಗಿದ್ದಕ್ಕೆ ಕ್ಷಮೆಯನ್ನೂ ಕೇಳಿದೆ. ಈಗ ಹಾಲ್‌ನಿಂದ “ಅಮ್ಮಾ, ಹತ್ತಿದ!” ಎಂಬ ಕೂಗು ದಿನಕ್ಕೆ ಹತ್ತು ಸಲ ಕೇಳಿಸುತ್ತದೆ. ನಾನು ಕೈ ಒರೆಸಿಕೊಂಡು ಬರುವ ಹೊತ್ತಿಗೆ ಅವಳು ಗೇಟಿನಾಚೆ ತನ್ನ ಬಣ್ಣದ ಪುಸ್ತಕಕ್ಕೆ ಮರಳಿರುತ್ತಾಳೆ, ಅವನು ಸೋಫಾದ ತೋಳಿನ ಮೇಲೆ ಬೆನ್ನು ತಿರುಗಿಸಿ ಒಂದು ಕಾಲಿನಿಂದ ನೆಲವನ್ನು ಹುಡುಕುತ್ತಿರುತ್ತಾನೆ.